ಮೂಕಿ ಚಿತ್ರಕ್ಕೆ ಅರ್ಥ ಹೇಳಿದ್ದು

ಮಂಗಳೂರಿನ ಕಡೆಯ ಮದುವೆ ಮನೆಗಳಲ್ಲಿ, ದೋಹಾದಲ್ಲಿ ಇದ್ದು ಬಂದವರು ಯಾರಾದರೂ ಸಿಕ್ಕಿದರೆ ನನಗೆ ಈಗಲೂ ಒಂದು ಕಾಟ ತಪ್ಪುವುದಿಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನೀವು ಆ ಮೂಕಿ ಸಿನಿಮಾಕ್ಕೆ ಅರ್ಥ ಹೇಳಿದವರಲ್ವಾ? ಕೊನೆಗೆ ಅಣ್ಣಾ ಅಂದಿರಲ್ಲ, ಅಬ್ಬಾ, ನಕ್ಕು ನಕ್ಕು ಸಾಕಾಗಿತ್ತು ಮಾರಾಯ್ರೆ" ಎನ್ನುತ್ತಾರೆ. ನಾನೂ ನಗುತ್ತೇನೆ. ಊಟದ ಎಲೆಯ ಮುಂದೆ ಕೂತವಳು ಇನ್ನೇನು ಮಾಡಬೇಕು? ಆದರೆ ಆ ನಗುವಿನ ಹಿಂದೆ ಇದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಬರೆದುಬಿಡುತ್ತೇನೆ, ಓದಿದವರು ಬೇಕಾದರೆ ಮತ್ತೊಮ್ಮೆ ನಗಲಿ.

ಎರಡು ಸಾವಿರದ ಇಸವಿಯ ನಂತರದ ಮೊದಲ ಕೆಲವು ವರ್ಷಗಳು ಅವು. ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದರು. ಇವತ್ತು ಬಲಕ್ಕೆ ತಿರುಗಿದ ಜಾಗದಲ್ಲಿ ನಾಳೆ ಕೆಂಪು ಬಿಳಿ ಡ್ರಮ್ಮುಗಳು ಅಡ್ಡ ನಿಂತಿರುತ್ತಿದ್ದವು. ನಾನು ಬಂದರಿನಿಂದ ಸರಕು ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಅಣ್ಣ ಮತ್ತು ಅತ್ತಿಗೆಯ ಜೊತೆ ವಾಸ. ಇಳಿಯುವ ವಿಮಾನಗಳು ನಮ್ಮ ತಾರಸಿಯ ನೀರಿನ ಟ್ಯಾಂಕನ್ನು ಸವರಿಕೊಂಡೇ ಹೋಗುತ್ತಿದ್ದವು ಎನ್ನಬೇಕು. ವಿಮಾನ ಬಂದರೆ ಮನೆಯಲ್ಲಿ ಯಾರು ಏನು ಹೇಳುತ್ತಿದ್ದರೂ ಅಲ್ಲಿಗೇ ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದೆವು. ಜಗಳ ಕೂಡ ಹಾಗೆಯೇ ನಡೆಯುತ್ತಿತ್ತು.

ನಮ್ಮ ಕರಾವಳಿಯವರದೊಂದು ಸಂಘವಿತ್ತು. ಅಣ್ಣ ಆ ವರ್ಷ ಅದರ ಸಾಂಸ್ಕೃತಿಕ ಕಾರ್ಯದರ್ಶಿ. ಆ ಪದವಿಗೆ ಸಂಬಳವಿಲ್ಲ, ಆದರೆ ಅಣ್ಣ ಅದನ್ನು ಹೊತ್ತುಕೊಂಡು ನಡೆಯುವ ಠೀವಿ ನೋಡಿದರೆ ದೇಶದ ಗೃಹಮಂತ್ರಿಯೂ ನಾಚಬೇಕು. ವಾರ್ಷಿಕೋತ್ಸವಕ್ಕೆ ಪ್ರತಿಸಲದ ಫಿಲ್ಮ್ ಡ್ಯಾನ್ಸ್, ಫ್ಯಾನ್ಸಿ ಡ್ರೆಸ್ ಬೇಡ, ಹೊಸತು ಏನಾದರೂ ಮಾಡಬೇಕು ಎಂದು ಅವನಿಗೆ ಹುಚ್ಚು ಹಿಡಿದಿತ್ತು. ಹೊಸತು ಸಿಕ್ಕಿದ್ದು ಬಾಗಿಲು ಹಾಕುತ್ತಿದ್ದ ಒಂದು ವಿಡಿಯೊ ಅಂಗಡಿಯಲ್ಲಿ. ಮಾತಿಲ್ಲದ ಕಾಲದ ಯಾವುದೋ ಹಳೆಯ ಸಿನಿಮಾದ ಡಿವಿಡಿ. ಕವರು ಹರಿದಿತ್ತು, ಹೆಸರು ಇರಲಿಲ್ಲ. ಚಿತ್ರದ ನಡುನಡುವೆ ಬರುವ ಬರಹದ ಹಲಗೆಗಳಲ್ಲಿ ಅಕ್ಷರಗಳು ಇಂಗ್ಲಿಷಿನಂತೆಯೇ ಇದ್ದು, ತಲೆಯ ಮೇಲೆ ಚುಕ್ಕಿಯನ್ನೋ ಸೊನ್ನೆಯನ್ನೋ ಹೊತ್ತಿದ್ದವು. ಯಾವ ಭಾಷೆ ಎಂದು ನಮಗೆ ಯಾರಿಗೂ ತಿಳಿಯಲಿಲ್ಲ.

"ತಿಳಿಯದಿದ್ರೆ ಒಳ್ಳೇದೇ ಆಯ್ತು. ನಾವು ಇದಕ್ಕೆ ತಾಳಮದ್ದಳೆ ಮಾಡುವ" ಎಂದರು ಭಾಗವತರು.

ಭಾಗವತರೆಂದರೆ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಕಡೆಯ ಹಿರಿಯರು. ಊರಿನಲ್ಲಿದ್ದಾಗ ಯಕ್ಷಗಾನದ ಪದ ಹೇಳುತ್ತಿದ್ದವರು. ತಾಳಮದ್ದಳೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ವೇಷ ಕಟ್ಟದ, ಕುಣಿಯದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ. ಎದುರುಬದುರು ಕೂತವರು ಪಾತ್ರಗಳಾಗಿ ಮಾತಾಡುತ್ತಾರೆ, ಅದೂ ಬಾಯಿಪಾಠವಲ್ಲ, ಆ ಕ್ಷಣಕ್ಕೆ ಹುಟ್ಟಿದ ಮಾತು. ಆ ಮಾತಿಗೆ ಅರ್ಥ ಎಂದೇ ಹೆಸರು. ನನ್ನ ಅಪ್ಪ ಅರ್ಥ ಹೇಳುತ್ತಿದ್ದವರು. ಅವರ ಬೆನ್ನ ಹಿಂದೆ ಚಾಪೆಯಲ್ಲಿ ಮಲಗಿ ಕೇಳಿಯೇ ನಾನು ಮಾತು ಕಲಿತದ್ದು, ಜೊತೆಗೆ ಜಗಳ ಕಲಿತದ್ದು. ಹೀಗಾಗಿ ನಾಯಕಿಗೆ ಅರ್ಥ ಹೇಳಲು ನಾನೇ ಎಂದು ಮೊದಲ ದಿನವೇ ನಿಶ್ಚಯವಾಯಿತು. ಪರದೆಯಲ್ಲಿ ಮೂಕಿ ಚಿತ್ರ ಓಡಬೇಕು, ಬರಹದ ಹಲಗೆ ಬಂದಾಗ ಭಾಗವತರು ತಾಳ ಹಾಕಿ ಒಂದು ಸೊಲ್ಲು ಪದ ಹೇಳಬೇಕು, ಉಳಿದದ್ದಕ್ಕೆ ನಾವು ಮೈಕಿನ ಮುಂದೆ ಕೂತು ಅರ್ಥ ಹೇಳಬೇಕು.

ಭಾಗವತರದು ಒಂದೇ ಕಟ್ಟಪ್ಪಣೆ. "ನೋಡಿ, ಎದುರಿನವ ಒಮ್ಮೆ ಹೇಳಿದ್ದು ಹೇಳಿದ್ದೇ. ಹಾಗಲ್ಲ, ನಾವು ಮಾತಾಡಿಕೊಂಡದ್ದು ಬೇರೆ ಅಂತ ಸಭೆಯಲ್ಲಿ ಯಾರೂ ಹೇಳ್ಲಿಕ್ಕಿಲ್ಲ. ಅವ ಆಕಾಶ ಹಸಿರು ಅಂದ್ರೆ ಹಸಿರು. ನಿಮಗೆ ಸಾಮರ್ಥ್ಯ ಇದ್ರೆ ಆ ಹಸಿರಿನಲ್ಲೇ ಉತ್ತರ ಕೊಡಿ."

ಇದನ್ನು ಅಪ್ಪನೂ ಹೇಳುತ್ತಿದ್ದರು. ನಾನು ತಲೆಯಾಡಿಸಿದೆ.

ನಾಯಕನಾಗಿ ಬಂದವನ ಹೆಸರು ನಾನು ಹೇಳುವುದಿಲ್ಲ. ಸಿನಿಮಾದ ನಾಯಕ ಸೈನಿಕ, ಇವನನ್ನೂ ಸೈನಿಕ ಎಂದೇ ಕರೆಯುತ್ತೇನೆ. ಯುದ್ಧವನ್ನು ಅವನು ಟಿವಿಯಲ್ಲಿ ನೋಡಿದ್ದು ಅಷ್ಟೇ, ಹೊಟ್ಟೆಪಾಡಿಗೆ ಒಂದು ಎಸಿ ಕಂಪನಿಯಲ್ಲಿ ಸೂಪರ್‌ವೈಸರ್. ದೋಹಾದ ಹೊರಗೆ ಉಮ್ಮ್ ಸಲಾಲಿನ ಕಂಪನಿ ವಿಲ್ಲಾದಲ್ಲಿ ಇತರ ಬ್ಯಾಚುಲರುಗಳ ಜೊತೆ ಇದ್ದ. ಗುರುವಾರ ಸಂಜೆ ಆಯಿತೆಂದರೆ ಪಿಕಪ್ ಹತ್ತಿ ನಮ್ಮ ಮನೆಗೆ ಪ್ರಾಕ್ಟೀಸಿಗೆ ಬರುತ್ತಿದ್ದ. ಕಂಠ ಮಾತ್ರ ದೇವರು ಕೊಟ್ಟದ್ದು. ಮಾಡು ಅದುರುವಂತೆ ಗರ್ಜಿಸಿ, ಮರುಕ್ಷಣ ಕಿವಿಯ ಹತ್ತಿರ ಹೇಳಿದಷ್ಟು ಮೆತ್ತಗೆ ಮಾತಾಡಬಲ್ಲವನು.

ನಮ್ಮ ಸಂಘದಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಿರಲೇಬೇಕು. ಅಣ್ಣ, ಅಕ್ಕ, ತಂಗಿ, ಮಾಮ, ಮಾಮಿ. ಪರಿಚಯವಾದ ಐದೇ ನಿಮಿಷಕ್ಕೆ ಸಂಬಂಧ ಕಟ್ಟಿಬಿಡುತ್ತಿದ್ದರು, ಊರಿಂದ ಅಷ್ಟು ದೂರ ಇದ್ದುದಕ್ಕೋ ಏನೋ. ಬೇರೆ ಹುಡುಗರೆಲ್ಲ ನನ್ನನ್ನು ತಂಗಿ ಎನ್ನುತ್ತಿದ್ದರು, ಚಿಕ್ಕವರು ಅಕ್ಕ ಎನ್ನುತ್ತಿದ್ದರು. ಸೈನಿಕ ನನ್ನ ಅಣ್ಣನಿಗೆ ಅಣ್ಣ ಅಂದ, ಅತ್ತಿಗೆಗೆ ಅತ್ತಿಗೆ ಅಂದ, ನನಗೆ ಮಾತ್ರ ಏನೂ ಅನ್ನಲಿಲ್ಲ. "ಸ್ವಲ್ಪ ನೀರು ಸಿಗಬಹುದಾ?" ಎಂದು ಗೋಡೆಗೆ ಕೇಳಿದ ಹಾಗೆ ಕೇಳುತ್ತಿದ್ದ. ತಂಗಿ ಎನ್ನದಿರುವ ಹುಡುಗ ನಮ್ಮಲ್ಲಿ ಏನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆ ಎಂದು ಯಾವ ಹುಡುಗಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಬೇಕಾಗಲಿಲ್ಲ.

ಸಿನಿಮಾದ ಕಥೆಯನ್ನು ನಾವು ಮುಖ ನೋಡಿಯೇ ಕಟ್ಟಿದೆವು. ಯುದ್ಧ ಮುಗಿಸಿದ ಸೈನಿಕನೊಬ್ಬ ರೈಲಿನಿಂದ ಇಳಿಯುತ್ತಾನೆ. ಒಂದು ಕೈಗೆ ಪಟ್ಟಿ, ಇನ್ನೊಂದು ಕೈ ಹಿಡಿದುಕೊಂಡು ಬುಟ್ಟಿ ಹೊತ್ತ ಒಬ್ಬಳು ಹುಡುಗಿ. ಪ್ಲಾಟ್‌ಫಾರ್ಮಿನಲ್ಲಿ ಹೂ ಹಿಡಿದು ಕಾಯುತ್ತಿದ್ದ ನಾಯಕಿ ಅದನ್ನು ನೋಡಿ ಪೀಪಾಯಿಗಳ ಹಿಂದೆ ಅಡಗುತ್ತಾಳೆ. ಆಮೇಲೆ ಸುಮಾರು ಹೊತ್ತು ತಮಾಷೆ. ಸೈನಿಕ ಅವಳನ್ನು ಕಾಣಲು ಹೋದರೆ ಬಾತುಕೋಳಿ ಅಟ್ಟಿಸಿಕೊಂಡು ಬರುತ್ತದೆ, ಅಡಿಗೆಮನೆಯ ಕಿಟಕಿಯಿಂದ ನುಗ್ಗಿದವನು ನಾದಿಟ್ಟ ಹಿಟ್ಟಿನ ಮೇಲೆಯೇ ಕೂರುತ್ತಾನೆ, ಮೀಸೆಯ ಅಪ್ಪ ಲಟ್ಟಣಿಗೆ ಹಿಡಿದು ಓಡಿಸುತ್ತಾನೆ. ಕೊನೆಗೆ ಬುಟ್ಟಿಯ ಹುಡುಗಿಯನ್ನು ಕೈಹಿಡಿದು ಕರೆತಂದು ನಾಯಕಿಯ ಎದುರು ನಿಲ್ಲಿಸಿ ಏನೋ ಹೇಳುತ್ತಾನೆ. ನಾಯಕಿ ಅಳುತ್ತಾ ನಗುತ್ತಾ ಅವನನ್ನು ತಬ್ಬಿಕೊಳ್ಳುತ್ತಾಳೆ. ಅವನು ತನ್ನ ಟೋಪಿ ತೆಗೆದು ಅವಳ ತಲೆಗಿಡುತ್ತಾನೆ. ಮುಗಿಯಿತು.

"ಬುಟ್ಟಿಯವಳು ಅವನ ತಂಗಿ. ಇಲ್ಲದಿದ್ರೆ ಇವಳು ತಬ್ಬಿಕೊಳ್ಳುವುದು ಯಾಕೆ?" ಎಂದೆ ನಾನು, ದೊಡ್ಡ ಜಾಣೆಯ ಹಾಗೆ. ಎಲ್ಲರೂ ಒಪ್ಪಿದರು. ನಾಯಕಿ ಹೆಂಡತಿಯೆಂದು ತಪ್ಪು ತಿಳಿದದ್ದು, ಕೊನೆಗೆ ತಂಗಿ ಎಂದು ಗೊತ್ತಾದದ್ದು, ಸುಖಾಂತ.

ಪ್ರಾಕ್ಟೀಸು ಅಂದರೆ ಜಾತ್ರೆ. ಅತ್ತಿಗೆ ಗೋಳಿಬಜೆ ಕರಿದು ತರುತ್ತಿದ್ದರು, ಅಣ್ಣ ರಿಮೋಟು ಹಿಡಿದು ಬೇಕಾದಲ್ಲಿ ಚಿತ್ರ ನಿಲ್ಲಿಸುತ್ತಿದ್ದ. ನಾನು ಒಂದು ಹೇಳಿದರೆ ಸೈನಿಕ ಎರಡು ಹೇಳುತ್ತಿದ್ದ. "ಎಲೌ ಹೆಣ್ಣೇ, ಗುಂಡಿಗೆ ಎದೆಯೊಡ್ಡಿದವನನ್ನು ನಿನ್ನ ತಂದೆಯ ಲಟ್ಟಣಿಗೆ ಹೆದರಿಸೀತೇ?" ಎಂದು ಅವನು ಗರ್ಜಿಸುವುದಕ್ಕೂ ಪರದೆಯಲ್ಲಿ ಅವನು ಲಟ್ಟಣಿಗೆಯ ಏಟಿಗೆ ಮಂಚದಡಿ ನುಗ್ಗುವುದಕ್ಕೂ ಸರಿಹೋಗಿ, ಭಾಗವತರಿಗೆ ಚಹಾ ನೆತ್ತಿಗೆ ಹತ್ತಿತ್ತು. "ಎದೆಯೊಡ್ಡಿದವರು ಬೆನ್ನು ತೋರಿಸುವುದನ್ನೂ ಅಲ್ಲಿಯೇ ಕಲಿತಿರೋ?" ಎಂದು ನಾನು ಕೇಳಿದ್ದೆ. ಅವನು ನನ್ನನ್ನು ನೋಡಿ ನಕ್ಕ. ಆ ನಗುವಿಗೆ ನಾನು ಸೋತೆ, ಸುಳ್ಳು ಯಾಕೆ ಹೇಳಬೇಕು. ವಾರವಿಡೀ ಆಫೀಸಿನಲ್ಲಿ ಕಂಟೇನರುಗಳ ಕಾಗದ ತಿರುವುತ್ತಾ ಗುರುವಾರಕ್ಕೆ ಮಾತು ಹೊಸೆಯುತ್ತಿದ್ದೆ.

ಒಂದು ಗುರುವಾರ ಅಣ್ಣ ಫೋನು ಬಂತೆಂದು ಹೊರಗೆ ಹೋಗಿದ್ದ, ಭಾಗವತರು ನಮಾಜಿಗೆ ಹೊರಟ ಅಂಗಡಿಯ ಪಾಲುದಾರನಿಗೆ ಬೀಗದ ಕೈ ಕೊಟ್ಟು ಬರುತ್ತೇನೆಂದು ಕೆಳಗಿಳಿದಿದ್ದರು. ಅತ್ತಿಗೆ ಒಲೆಯ ಮುಂದೆ. ಟಿವಿಯಲ್ಲಿ ಸ್ಟೇಷನ್ನಿನ ಚಿತ್ರ ನಿಂತಿತ್ತು, ನಾಯಕಿ ಹೂ ಹಿಡಿದವಳು ಹಿಡಿದ ಹಾಗೆಯೇ. ಸೈನಿಕ ಆ ಚಿತ್ರವನ್ನೇ ನೋಡುತ್ತಾ, ಮೆತ್ತಗೆ, "ಮುಂದಿನ ತಿಂಗಳು ಊರಿಗೆ ಹೋಗ್ತಾ ಇದ್ದೇನೆ. ಅಮ್ಮನ ಹತ್ರ ಮಾತಾಡಿಕೊಂಡು ಬರ್ತೇನೆ. ಬಂದ ಮೇಲೆ ಅಣ್ಣನ ಹತ್ರ ಹೇಳ್ತೇನೆ. ಅಲ್ಲಿವರೆಗೆ ಕಾಯ್ತೀಯಾ?" ಎಂದ.

ಕೇಳಬೇಕಾದ್ದನ್ನು ಕೇಳಿದೆ. "ಇದು ಅರ್ಥವಾ, ಮಾತಾ?"

"ಮಾತು" ಎಂದ. ಚಿತ್ರದಿಂದ ಕಣ್ಣು ತೆಗೆದು ನನ್ನನ್ನು ನೋಡಿಯೇ ಹೇಳಿದ. ನಮ್ಮ ಭಾಷೆಯಲ್ಲಿ ಮಾತು ಎಂದರೆ ಆಡಿದ್ದೂ ಹೌದು, ಕೊಟ್ಟದ್ದೂ ಹೌದು. ಅವನು ಕೊಟ್ಟ ಎಂದುಕೊಂಡೆ.

ಅದೇ ದಿನಗಳಲ್ಲಿ ನನಗೊಂದು ಸಂಬಂಧ ಬಂದಿತ್ತು. ಹುಡುಗ ದುಬೈಯಲ್ಲಿ, ಒಳ್ಳೆಯ ಜನ, ಅಣ್ಣನಿಗೆ ಪೂರ್ತಿ ಮನಸ್ಸು. ನಾನು ಆಗುವುದಿಲ್ಲ ಎಂದೆ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಅಣ್ಣ ಕೂಗಾಡಿದ, ನಡುವೆ ವಿಮಾನ ಬಂದಾಗ ನಿಲ್ಲಿಸಿ, ಅದು ದಾಟಿದ ಮೇಲೆ ಮತ್ತೆ ಕೂಗಾಡಿದ. "ನಿನಗೆ ಯಾವ ರಾಜಕುಮಾರ ಬರ್ತಾನೆ ಅಂತ ಕಾಯ್ತಾ ಇದ್ದಿ?" ಎಂದ. ಮದುವೆಯ ವಯಸ್ಸು ದಾಟುತ್ತಿದೆ ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಅತ್ತಳು. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ. ಆ ಸಂಬಂಧ ಕೈಬಿಟ್ಟು ಹೋಯಿತು. ನನ್ನ ಹತ್ತಿರ ಒಂದು ಮಾತಿತ್ತು, ಅದರ ಮೇಲೆ ಕಾಲೂರಿ ನಿಂತಿದ್ದೆ.

ಅತ್ತಿಗೆಗೆ ಮಾತ್ರ ಹೇಳಿದೆ. ಅತ್ತಿಗೆ ನನಗಿಂತ ಕೆಲವೇ ವರ್ಷ ದೊಡ್ಡವರು, ಊರಿನಲ್ಲಿ ಅವರ ತವರುಮನೆ ಸೈನಿಕನ ಮನೆಯಿಂದ ಕೂಗಳತೆಯಲ್ಲಿತ್ತು. ಹೇಳಿದಾಗ ಅವರು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಕೈ ಒಂದು ಕ್ಷಣ ನಿಂತು, ಮತ್ತೆ ತಟ್ಟತೊಡಗಿತು. "ಒಳ್ಳೆಯವ. ಅವನ ಅಮ್ಮ ಸ್ವಲ್ಪ ಜೋರು. ಬರ್ಲಿ, ನಿನ್ನ ಅಣ್ಣನನ್ನು ನಾನು ಒಪ್ಪಿಸ್ತೇನೆ" ಎಂದರು. ನನಗೆ ಅಮ್ಮನ ಮಡಿಲಲ್ಲಿ ತಲೆಯಿಟ್ಟಷ್ಟು ಹಾಯೆನಿಸಿತು.

ಸೈನಿಕ ಊರಿಗೆ ಹೋದ. ಮೊದಲ ವಾರ ಒಮ್ಮೆ ಬೂತಿನಿಂದ ನನ್ನ ಮೊಬೈಲಿಗೆ ಫೋನು ಮಾಡಿದ. "ಅಮ್ಮನ ಹತ್ರ ಮಾತಾಡ್ತಾ ಇದ್ದೇನೆ. ಸ್ವಲ್ಪ ಕಷ್ಟ ಉಂಟು. ನೀನು ಬೇಜಾರು ಮಾಡ್ಬೇಡ" ಎಂದ. ಆಮೇಲೆ ಸುದ್ದಿಯಿಲ್ಲ. ನಾನು ಅತ್ತಿಗೆಯ ಹಿಂದೆ ಮುಂದೆ ಸುತ್ತಿದೆ. "ಊರಿಗೆ ಹೋದ ಗಂಡಸಿಗೆ ನೂರೆಂಟು ಕೆಲಸ ಇರ್ತದೆ ಮಾರಾಯ್ತಿ. ಅಷ್ಟು ಅವಸರ ಎಂತ ನಿಂಗೆ?" ಎಂದು ಅವರು ನಗಾಡಿದರು. ಆ ದಿನಗಳಲ್ಲಿ ಅತ್ತಿಗೆ ನನ್ನನ್ನು ಇನ್ನಿಲ್ಲದಂತೆ ಉಪಚರಿಸಿದರು. ಕಾರ್ಯಕ್ರಮಕ್ಕೆ ಉಡಲು ತಮ್ಮ ಮದುವೆಯ ಸೀರೆ ತೆಗೆದು ಇಸ್ತ್ರಿ ಮಾಡಿಟ್ಟರು. ಗಂಟಲು ಕೆಡಬಾರದೆಂದು ಫ್ರಿಜ್ಜಿನ ನೀರು ಕುಡಿಯಲು ಬಿಡಲಿಲ್ಲ, ಸಂಜೆ ಸಂಜೆ ಶುಂಠಿ ಕಷಾಯ.

ಕಾರ್ಯಕ್ರಮಕ್ಕೆ ಎರಡು ದಿನ ಇದೆ ಎನ್ನುವಾಗ ಸೈನಿಕ ಬಂದಿಳಿದ. ಕೊನೆಯ ಪ್ರಾಕ್ಟೀಸಿಗೆ ಬರಲಿಲ್ಲ, ಸೈಟಿನಲ್ಲಿ ಎಸಿಯ ಚಿಲ್ಲರ್ ಹಾಳಾಗಿದೆ ಎಂದು ಅಣ್ಣನಿಗೆ ಫೋನು ಮಾಡಿದನಂತೆ. "ಅವನಿಗೆ ಪ್ರಾಕ್ಟೀಸು ಎಂತಕ್ಕೆ? ನೇರ ಸ್ಟೇಜಿಗೆ ಬರ್ಲಿ" ಎಂದ ಅಣ್ಣ. ನಾನು ಫೋನು ಮಾಡಿದರೆ ತೆಗೆಯಲಿಲ್ಲ. ಅಮ್ಮನನ್ನು ಒಪ್ಪಿಸಿದ್ದಾನೆ, ಕಾರ್ಯಕ್ರಮ ಮುಗಿದ ಕೂಡಲೇ ಅಣ್ಣನೆದುರು ನಿಲ್ಲುತ್ತಾನೆ, ಅದಕ್ಕೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ನಾನೇ ಅವನ ಪರವಾಗಿ ಒಳಗೊಳಗೆ ಅರ್ಥ ಹೇಳಿಕೊಂಡೆ. ಪ್ರೀತಿಯಲ್ಲಿ ಬಿದ್ದವರ ಬುದ್ಧಿ ಇಷ್ಟೇ.

ನಮ್ಮ ಮನೆಯಿಂದ ದೂರವಿಲ್ಲದ ಒಂದು ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಸ್ಟೇಜಿನ ನಡುವೆ ಪರದೆ, ಒಂದು ಬದಿಗೆ ಭಾಗವತರು ಮತ್ತು ಮದ್ದಳೆಯವರು, ಇನ್ನೊಂದು ಬದಿಗೆ ನಾನು, ಸೈನಿಕ, ಮೀಸೆಯ ಅಪ್ಪನಾಗಿ ಅಣ್ಣ. ಸೈನಿಕ ಬಂದು ಕೂತ, ಮುಂಡು, ಜುಬ್ಬಾ, ಹೆಗಲಿಗೆ ಶಾಲು. "ಬಂದದ್ದು ಯಾವಾಗ?" ಎಂದು ಕೇಳಿದೆ. "ಮೈಕ್ ಆನ್ ಉಂಟು" ಎಂದ. ದೀಪ ಆರಿತು.

ಜನ ಮೊದಲ ಹತ್ತು ನಿಮಿಷದಲ್ಲೇ ನಮ್ಮ ಕೈಗೆ ಸಿಕ್ಕಿದರು. ಬಾತುಕೋಳಿಗೆ ಭಾಗವತರು ರಾಕ್ಷಸ ಪ್ರವೇಶದ ಏರುಪದ ಹೇಳಿದಾಗ ಸಭೆ ಎದ್ದು ಕುಣಿಯಿತು. ಸೈನಿಕ ಎಂದಿಗಿಂತ ಚೆನ್ನಾಗಿ ಮಾತಾಡುತ್ತಿದ್ದ, ನಾನೂ ಬಿಡಲಿಲ್ಲ. ಆ ಸಂಜೆ ನಾನು ಸಂತೋಷವಾಗಿದ್ದೆ. ಅದನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಕೊನೆಯ ಹಲಗೆ ಬಂತು. ಭಾಗವತರು ಪದ ಎತ್ತುಗಡೆ ಮಾಡಿ ನಿಲ್ಲಿಸಿದರು. ಪರದೆಯಲ್ಲಿ ಸೈನಿಕ ಬುಟ್ಟಿಯವಳ ಕೈಹಿಡಿದು ತಂದು ನಾಯಕಿಯ ಎದುರು ನಿಲ್ಲಿಸಿದ. ಇಲ್ಲಿ ಅವನು ಹೇಳಬೇಕಾದದ್ದು, "ಇವಳು ನನ್ನ ತಂಗಿ, ನೀನು ನನ್ನ ಪ್ರಾಣ." ನನ್ನ ಪಕ್ಕದಲ್ಲಿದ್ದವನು ಗಂಟಲು ಸರಿಮಾಡಿಕೊಂಡ.

"ಕೇಳು. ಇವಳನ್ನು ನನ್ನ ತಾಯಿ ನನಗಾಗಿ ಆರಿಸಿದ್ದಾಳೆ. ನಾನು ಇವಳ ಕೈ ಹಿಡಿಯುವವನಿದ್ದೇನೆ. ತಾಯಿಯ ಮಾತು ಮೀರುವಷ್ಟು ಶೂರ ನಾನಲ್ಲ. ನೀನು ಪ್ಲಾಟ್‌ಫಾರ್ಮಿನಲ್ಲಿ ಹೂ ಹಿಡಿದು ನಿಂತದ್ದು ಯಾರಿಗಾಗಿ ಎಂದು ನಾನರಿಯೆ. ನನಗೆ ಒಡಹುಟ್ಟಿದವರಿಲ್ಲ. ಇವತ್ತಿನಿಂದ ನೀನು ನನ್ನ ತಂಗಿ."

ಮೇಲೆ ವಿಮಾನ ಹೋಗುತ್ತಿತ್ತು. ಕಿವಿ ಸರಿಯಾಗಿ ಕೇಳಲಿಲ್ಲವೇನೋ ಎಂದುಕೊಂಡೆ. ಆದರೆ ಸಭೆ ಕೇಳಿತ್ತು. ಹಾಲಿಗೆ ಹಾಲೇ ಹೋ ಎಂದು ನಕ್ಕಿತು, ಯಾಕೆಂದರೆ ಅದೇ ಹೊತ್ತಿಗೆ ಪರದೆಯ ನಾಯಕಿ ಆನಂದದಿಂದ ಅತ್ತು ಅವನನ್ನು ಬಾಚಿ ತಬ್ಬಿಕೊಂಡಿದ್ದಳು. ಹಿಂದಿನ ಸಾಲಿನಿಂದ ಒಬ್ಬ ಸಿಳ್ಳೆ ಹೊಡೆದು, "ಪಾರ್ಟಿ ಯಾವಾಗ ಮಾರಾಯಾ?" ಎಂದು ಕೂಗಿದ. ಇನ್ನೊಬ್ಬ "ಕಂಗ್ರಾಟ್ಸ್!" ಎಂದ. ಸಿನಿಮಾದ ಸೈನಿಕನಿಗೆ ಯಾರಾದರೂ ಕಂಗ್ರಾಟ್ಸ್ ಹೇಳುತ್ತಾರೆಯೇ? ಆಗ ನನಗೆ ಗೊತ್ತಾಯಿತು. ಅವನ ನಿಶ್ಚಿತಾರ್ಥ ಆಗಿದೆ, ಅದು ಈ ಹಾಲಿನಲ್ಲಿ ಕೂತವರಿಗೆಲ್ಲ ಗೊತ್ತಿದೆ. ನನಗೆ ಮಾತ್ರ ಗೊತ್ತಿರಲಿಲ್ಲ.

ಭಾಗವತರು ನನ್ನನ್ನೇ ನೋಡುತ್ತಿದ್ದರು. ಮದ್ದಳೆಯವರು ಬೆರಳನ್ನು ಗಾಳಿಯಲ್ಲೇ ಹಿಡಿದಿದ್ದರು. ಸುಳ್ಳು, ನಾವು ಮಾತಾಡಿಕೊಂಡದ್ದು ಬೇರೆ ಎಂದು ಕಿರುಚಬೇಕೆನಿಸಿತು. ಆದರೆ ಹಾಗೆ ಹೇಳುವಂತಿಲ್ಲವಲ್ಲ, ಎದುರಿನವನು ಹೇಳಿದ್ದು ಹೇಳಿದ್ದೇ. ಇವನು ಅದನ್ನು ಬಲ್ಲವನು. ಅವನು ಹೇಳಿದ್ದನ್ನು ಅಲ್ಲ ಎನ್ನಲಾಗದ ಜಾಗವನ್ನೇ ಹುಡುಕಿ ನನ್ನನ್ನು ಅಲ್ಲಿ ಕೂರಿಸಿ ಹೇಳಿದ್ದ.

ಮೈಕನ್ನು ಹತ್ತಿರ ಎಳೆದುಕೊಂಡೆ.

"ಅಣ್ಣಾ!" ಎಂದೆ. "ಇಷ್ಟು ಕಾಲ ಹೂ ಹಿಡಿದು ನಿಂತವಳಿಗೆ ಗಂಡ ಸಿಗಲಿಲ್ಲ, ಅಣ್ಣ ಸಿಕ್ಕಿದ. ಸಂತೋಷ. ಅಣ್ಣನಾದ ಮೇಲೆ ಅಣ್ಣನ ಕೆಲಸವನ್ನೂ ಮಾಡಬೇಕಲ್ಲ? ನನಗೊಬ್ಬ ಗಂಡನನ್ನು ಹುಡುಕು. ರೂಪ ಬೇಡ, ಐಶ್ವರ್ಯ ಬೇಡ. ಹೇಳಬೇಕಾದ ಮಾತನ್ನು ಎದುರಿಗೆ ನಿಂತು ಹೇಳುವವನಾದರೆ ಸಾಕು. ನಿನ್ನ ಸೈನ್ಯದಲ್ಲಿ ಅಂಥವನು ಸಿಗಲಿಕ್ಕಿಲ್ಲ, ಹೊರಗೆ ಹುಡುಕು."

ಪರದೆಯಲ್ಲಿ ಅವನು ಟೋಪಿ ತೆಗೆದು ಅವಳ ತಲೆಗಿಟ್ಟ. ಟೋಪಿ ಹಾಕುವುದೆಂದರೆ ನಮ್ಮಲ್ಲಿ ಏನೆಂದು ಎಲ್ಲರಿಗೂ ಗೊತ್ತಲ್ಲ, ಮಾಡು ಕಿತ್ತುಹೋಗುವಂತೆ ಚಪ್ಪಾಳೆ. ಜನ ಎದ್ದು ನಿಂತರು. ಭಾಗವತರು ಮಂಗಳ ಹಾಡುವುದನ್ನೇ ಮರೆತು ನಕ್ಕರು. ಅಣ್ಣ ನನ್ನ ಬೆನ್ನಿಗೆ ಗುದ್ದಿ, "ಭಾರೀ ಲಾಯ್ಕಾಯ್ತು!" ಎಂದ. ನಮ್ಮಿಬ್ಬರ ವಿಷಯ ಅವನಿಗೆ ಏನೂ ಗೊತ್ತಿರಲಿಲ್ಲ, ಪಾಪ. ನನ್ನ ಜೀವನದಲ್ಲಿ ನಾನು ಹೇಳಿದ ಅತ್ಯುತ್ತಮ ಅರ್ಥ ಅದೇ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಅರ್ಥವಾಗಿರಲಿಲ್ಲ.

ಪರದೆಯ ಹಿಂದೆ ಸೈನಿಕ ವೈರು ಸುತ್ತುತ್ತಾ ನಿಂತಿದ್ದ. ಯಾರೂ ಅವನಿಗೆ ಆ ಕೆಲಸ ಹೇಳಿರಲಿಲ್ಲ.

"ಈಗ ಹೇಳಿದ್ದು ಅರ್ಥವಾ, ಮಾತಾ?" ಎಂದು ಕೇಳಿದೆ.

"ಮಾತು" ಎಂದ. ಈ ಸಲ ವೈರನ್ನು ನೋಡಿ ಹೇಳಿದ.

"ಹಾಗಾದ್ರೆ ಅವತ್ತು ಹೇಳಿದ್ದು?"

ಇನ್ನೊಂದು ವಿಮಾನ ಇಳಿಯುತ್ತಿತ್ತು. ಅವನ ತುಟಿ ಅಲುಗಿತು, ಕೈಯಲ್ಲಿ ಏನೋ ಸನ್ನೆ ಮಾಡಿದ, ಆ ಮೂಕಿಯವನ ಹಾಗೆಯೇ. ವಿಮಾನ ದಾಟಿದ ಮೇಲೆ ಇನ್ನೊಮ್ಮೆ ಹೇಳು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಗೆ ಬಂದು ಅತ್ತಿಗೆಯ ಸೀರೆ ಬಿಚ್ಚಿ ಮಡಚಿಟ್ಟೆ. ಅಣ್ಣ ಹಾಲ್‌ನ ಬಾಡಿಗೆಯ ಲೆಕ್ಕ ಮುಗಿಸಲು ಶಾಲೆಯಲ್ಲೇ ಉಳಿದಿದ್ದ. ಅತ್ತಿಗೆ ಅಡಿಗೆಮನೆಯಲ್ಲಿ ಉಳಿದ ಗೋಳಿಬಜೆಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಅವರ ಕಣ್ಣು ನನ್ನ ಕಡೆ ಬರುತ್ತಿಲ್ಲ ಎಂಬುದು ಆಗ ಗಮನಕ್ಕೆ ಬಂತು.

"ನಿಮಗೆ ಗೊತ್ತಿತ್ತಾ?"

ಅವರು ಡಬ್ಬಿಯ ಮುಚ್ಚಳ ಒತ್ತಿದರು. "ಗೊತ್ತಿತ್ತು. ನಿಶ್ಚಿತಾರ್ಥಕ್ಕೆ ನನ್ನ ಅಮ್ಮ ಹೋಗಿದ್ರು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸ್ಟೇಜಿಗೆ ಬರ್ತಿದ್ದಿಯಾ?" ಎಂದರು. ಸಿಟ್ಟಿನಲ್ಲಲ್ಲ, ಒಂದು ಬಗೆಯ ದಣಿವಿನಲ್ಲಿ. "ಗೆಸ್ಟುಗಳನ್ನೆಲ್ಲ ಕರ್ದಾಗಿತ್ತು. ನೀನು ಬಿಟ್ರೆ ಹುಡುಗಿಯ ಅರ್ಥ ಹೇಳ್ಲಿಕ್ಕೆ ಬೇರೆ ಯಾರಿದ್ರು? ನಿನ್ನ ಅಣ್ಣನ ಮರ್ಯಾದೆ ನೋಡ್ಬೇಡ್ವಾ? ಪ್ರೋಗ್ರಾಮ್ ಒಂದು ಮುಗಿಲಿ, ಆಮೇಲೆ ಹೇಳುವ ಅಂತ ಇದ್ದೆ. ಅವ ಸ್ಟೇಜಿನಲ್ಲೇ ಹೇಳ್ತಾನೆ ಅಂತ ನಂಗೇನು ಗೊತ್ತು?"

ಶುಂಠಿ ಕಷಾಯ ನೆನಪಾಯಿತು. ಇಸ್ತ್ರಿ ಮಾಡಿಟ್ಟ ಸೀರೆ ನೆನಪಾಯಿತು. ಅವರು ಕಾಪಾಡಿದ್ದು ನನ್ನ ಗಂಟಲನ್ನು ಮಾತ್ರ. ಸೈನಿಕ ಮೋಸ ಮಾಡಿದ್ದಕ್ಕೆ ಅಳು ಬಂದಿರಲಿಲ್ಲ, ಇದಕ್ಕೆ ಬಂತು. ಅತ್ತಿಗೆ ಹತ್ತಿರ ಬಂದು ತಲೆ ಸವರಲು ಕೈ ಚಾಚಿದರು. ನಾನು ತಲೆ ಹಿಂದಕ್ಕೆ ತೆಗೆದೆ. "ಖಲಾಸ್ ಅತ್ತಿಗೆ, ಸಾಕು" ಎಂದೆ. ಆಮೇಲೆ ನಾನೇ ನನ್ನ ತಲೆಗೆ ಎಣ್ಣೆ ಹಚ್ಚಿಕೊಂಡೆ, ದೋಹಾ ಬಿಡುವವರೆಗೂ.

ಕೆಲವು ತಿಂಗಳು ಕಳೆದು ಸೈನಿಕ ಹೆಂಡತಿಯನ್ನು ಕರೆದುಕೊಂಡು ಬಂದ. ಹೊಸ ಮದುಮಕ್ಕಳನ್ನು ಊಟಕ್ಕೆ ಕರೆಯುವುದು ನಮ್ಮ ಕ್ರಮ, ಅಣ್ಣ ಕರೆದೇ ಕರೆದ. ಬೇಡ ಎನ್ನಲು ನನ್ನಲ್ಲಿ ಹೇಳಬಹುದಾದ ಕಾರಣವಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಇಬ್ಬರೂ ಬಂದರು. ಸೈನಿಕ ಅಣ್ಣನ ಪಕ್ಕ ಸೋಫಾದಲ್ಲಿ ಕೂತು ಎಸಿಯ ಗ್ಯಾಸಿನ ಬಗ್ಗೆ ಮಾತಾಡಿದ. ಹುಡುಗಿ ನೇರ ಅಡಿಗೆಮನೆಗೆ ಬಂದಳು. ಗುಂಡು ಮುಖ, ಕೈಯಲ್ಲಿ ಇನ್ನೂ ಬಣ್ಣ ಹೋಗದ ಮೆಹಂದಿ. ಅವಳನ್ನು ದ್ವೇಷಿಸಬೇಕೆಂದು ಬೆಳಗಿನಿಂದ ತಯಾರಾಗಿದ್ದೆ. ಅವಳು ನನ್ನ ಕೈಯಿಂದ ಸೌಟು ತೆಗೆದುಕೊಂಡು, "ಕೊಡಿ, ನಾನು ತಿರುಗಿಸ್ತೇನೆ" ಎಂದಳು.

"ನೀವೇ ಅಲ್ವಾ ಇವರ ತಂಗಿ? ನಂಗೆ ನಿಮ್ಮನ್ನು ನೋಡುವ ಮೊದಲೇ ಗೊತ್ತು" ಎಂದಳು. "ಹುಡುಗಿ ನೋಡ್ಲಿಕ್ಕೆ ಬಂದ ದಿನ ನಾನು ಅಳ್ತಾ ಇದ್ದೆ, ಅಷ್ಟು ದೂರ ಯಾರೂ ಇಲ್ಲದ ಊರು ಅಂತ. ಅದಕ್ಕೆ ಇವರು, ಹೆದರ್ಬೇಡ, ಅಲ್ಲಿ ನನಗೊಬ್ಬಳು ತಂಗಿ ಇದ್ದಾಳೆ, ನಿನ್ನನ್ನು ಚೆಂದ ನೋಡಿಕೊಳ್ತಾಳೆ ಅಂದ್ರು. ಆಮೇಲೆಯೇ ನಾನು ಹ್ಞೂಂ ಅಂದದ್ದು."

"ಹುಡುಗಿ ನೋಡ್ಲಿಕ್ಕೆ ಬಂದದ್ದು ಯಾವಾಗ?" ಎಂದು ಕೇಳಿದೆ.

"ಊರಿಗೆ ಬಂದ ಮಾರನೇ ದಿನವೇ" ಎಂದಳು. "ಅತ್ತೆ ಅಷ್ಟು ಅವಸರ ಮಾಡಿದ್ರು."

ಅವನು ಬ್ಯಾಗು ಬಿಚ್ಚುವ ಮೊದಲೇ ನಾನು ತಂಗಿಯಾಗಿದ್ದೆ. ಬೂತಿನಿಂದ ಫೋನು ಮಾಡಿ ಬೇಜಾರು ಮಾಡಬೇಡ ಎಂದದ್ದು ಅದಾದ ಮೇಲೆ. ಸ್ಟೇಜಿನಲ್ಲಿ ತಂಗಿ ಎಂಬ ಮಾತು ಅವನ ಬಾಯಿಗೆ ಆ ಕ್ಷಣಕ್ಕೆ ಬಂತು, ಹೆದರಿಕೆಯಿಂದ ಬಂತು ಎಂದು ಅಷ್ಟು ದಿನ ನಾನು ನಂಬಿಕೊಂಡಿದ್ದೆ. ಅಷ್ಟಾದರೂ ಅವನಿಗೆ ಬಿಟ್ಟುಕೊಟ್ಟಿದ್ದೆ. ಅದೂ ಬಾಯಿಪಾಠ.

ಪಾಯಸ ತಳ ಹಿಡಿಯದಂತೆ ಅವಳು ತಿರುಗಿಸುತ್ತಲೇ ಇದ್ದಳು. ಹಜಾರದಿಂದ ನನ್ನ ಅತ್ತಿಗೆ, "ಎಲೆ ಹಾಕಿ ಆಯ್ತು, ಬನ್ನಿ" ಎಂದು ಕರೆದರು.

"ನೀವು ನನ್ನನ್ನು ಅತ್ತಿಗೆ ಅಂತ ಕರೀಬೇಕು ಆಯ್ತಾ?" ಎಂದು ಹುಡುಗಿ ನಾಚಿಕೊಂಡು ಹೇಳಿದಳು.

"ನಿನ್ನ ಹೆಸರೆಂತ?" ಎಂದೆ. ಹೇಳಿದಳು. "ನಾನು ಹೆಸರು ಹಿಡಿದೇ ಕರೀತೇನೆ. ಅತ್ತಿಗೆ ಒಬ್ರು ಇದ್ದಾರೆ ನಂಗೆ, ಸಾಕು."

ತಮಾಷೆ ಎಂದುಕೊಂಡು ಅವಳೂ ನಕ್ಕಳು.